ಪಿಕಪ್ ಕೊಟ್ಟರೆ ಕೆಮ್ಮುವ ಮೋಟಾರು

ಗಡಿಯಾರ ರಿಪೇರಿಯವನ ಕೈಗೆ ಸಿಕ್ಕ ಯಾವ ಯಂತ್ರವೂ ನಿಂತಿರಬಾರದು. ಇದು ನನ್ನ ಸಿದ್ಧಾಂತ. ಆದ್ದರಿಂದಲೇ, ಲಾಂಚ್ ಓಡಿಸುವ ನನ್ನ ಭಾವಮೈದ ತನ್ನ ಹಳೆಯ ದೋಣಿಯ ಮೋಟಾರನ್ನು ಗುಜರಿಗೆ ಹಾಕುತ್ತೇನೆ ಎಂದಾಗ ನಾನು ಎದೆ ತಟ್ಟಿಕೊಂಡು ಮುಂದೆ ಬಂದೆ. ಸಾಸಿವೆ ಗಾತ್ರದ ತಿರುಪು ಬಿಗಿಯುವವನಿಗೆ ಬಕೆಟ್ ಗಾತ್ರದ ಮೋಟಾರು ಯಾವ ಲೆಕ್ಕ ಎಂದು ಸಾರಿದೆ. ನನ್ನ ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯೆತ್ತದೆ, ಅದನ್ನು ಅಡುಗೆಮನೆಗೆ ಮಾತ್ರ ತರಬೇಡಿ ಎಂದಳು.

ತಂದೇಬಿಟ್ಟೆ. ಬೆಳಕು ಇದ್ದದ್ದು ಅಲ್ಲೇ. ಪಿಸ್ಟನ್ನು ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಅಭ್ಯಂಜನ ಮಾಡಿತು, ಕಾರ್ಬುರೇಟರು ಚಹಾ ಸೋಸುವ ಜಾಲರಿಯ ಮೇಲೆ ಮಲಗಿ ಒಣಗಿತು. ಅವಳು ಹೊರಗಿನ ಒಲೆಯಲ್ಲಿ ಅಡುಗೆ ಮಾಡುತ್ತಾ ನನ್ನೊಡನೆ ಮಾತು ಬಿಟ್ಟಳು. ಕೊನೆಗೆ ಎಲ್ಲವನ್ನೂ ಜೋಡಿಸಿ, ಹಿತ್ತಿಲಲ್ಲಿ ನೀರು ತುಂಬಿದ ಡ್ರಮ್ಮಿಗೆ ಮೋಟಾರನ್ನು ಸಿಕ್ಕಿಸಿ ಹಗ್ಗ ಎಳೆದೆ. ಮೊದಲ ಎಳೆತಕ್ಕೇ ಗರ್ಜಿಸಿತು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ನನಗೆ ಅದು ಚಪ್ಪಾಳೆಯಂತೆ ಕೇಳಿಸಿತು.

ಭಾವಮೈದ ನಮಗೇ ಬಿಟ್ಟುಕೊಟ್ಟ ಅದೇ ಹಳೆಯ ದೋಣಿಗೆ ಕಟ್ಟಿ ನದಿಗಿಳಿಸಿದ ಮೇಲೆ ಬಣ್ಣ ಬಯಲಾಯಿತು. ಮೆಲ್ಲಗೆ ಹೋದರೆ ಮುದ್ದಿನ ಬೆಕ್ಕಿನಂತೆ ಗುರುಗುಟ್ಟುವ ಮೋಟಾರು, ಪಿಕಪ್ ಕೊಟ್ಟ ತಕ್ಷಣ ಕೆಮ್ಮಿ, ಮುಗ್ಗರಿಸಿ, ಉಸಿರು ಬಿಡುತ್ತಿತ್ತು. ಅಪ್ಪಟ ಮಿಸ್ಸಿಂಗ್! ಪ್ಲಗ್ಗು ಬದಲಿಸಿದೆ. ಕಾರ್ಬುರೇಟರನ್ನು ಮತ್ತೆ ಜಾಲರಿಯ ಮೇಲೆ ಮಲಗಿಸಿದೆ. ಡ್ರಮ್ಮಿನಲ್ಲಿ ಪೈಲ್ವಾನ, ನದಿಯಲ್ಲಿ ರೋಗಿ. ಸೋತು, ಭಾವಮೈದನನ್ನು ಕರೆದು ಒಂದು ಸುತ್ತು ಓಡಿಸಿ ನೋಡು ಎಂದೆ. ಅವನು ಲಾಂಚಿನವರ ರೂಢಿಯಂತೆ ನಿಂತುಕೊಂಡೇ, ನದಿಯ ತಿರುವಿನವರೆಗೂ ನೀರು ಸೀಳಿಕೊಂಡು ಹೋಗಿ ಬಂದ.

"ನನಗೆ ಸರಿಯಾಗೇ ಓಡ್ತು ಭಾವ," ಎಂದ. "ನಿಮ್ಮ ಮೇಲೆ ಯಾಕೆ ಮುನಿಸೋ ಗೊತ್ತಿಲ್ಲ."

ಕಿರಿಯನ ಬಾಯಲ್ಲಿ ಈ ಮಾತು ಕೇಳಿದ ಮೇಲೆ ನನಗೆ ಅನ್ನ ಸೇರಲಿಲ್ಲ. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಹೊಸದು ತಂದು ಹಾಕಿದೆ. ಡ್ರಮ್ಮಿನಲ್ಲಿ ಎಂದಿನಂತೆ ಗರ್ಜಿಸಿತು. ನದಿಯಲ್ಲಿ ಪರೀಕ್ಷಿಸಲು ಒಂದು ನೆಪ ಬೇಕಿತ್ತು; ಒಬ್ಬನೇ ಹೋಗಲು ಧೈರ್ಯ ಬರಲಿಲ್ಲ.

ಮರುದಿನವೇ ಹೆಂಡತಿ ಆಚೆ ದಡದ ಮದುಮಗಳಿಗೆ ತಾನು ಹೊಲಿದ ಉಡುಪನ್ನು ತಲುಪಿಸಬೇಕಿತ್ತು. ಅಂದು ಸಂಜೆಯೇ ಮದುವೆ. ಕೊನೆಯ ಗುಂಡಿ ಹೊಲಿದು ಎದ್ದಾಗ ತಮ್ಮನ ಲಾಂಚು ದಡ ಬಿಟ್ಟಾಗಿತ್ತು. ನನಗೋ, ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನಮ್ಮ ದೋಣಿ ಇದೆಯಲ್ಲ ಎಂದೆ.

"ನಿಜವಾಗ್ಲೂ ಸರಿಹೋಗಿದೆಯಾ?"

"ಕಾಯಿಲ್ ಹೊಸದು."

ಅದು ತನ್ನ ಪ್ರಶ್ನೆಗೆ ಉತ್ತರವಲ್ಲ ಎಂದು ಅವಳಿಗೂ ಗೊತ್ತಾಯಿತು. ಆದರೆ ಬೇರೆ ದಾರಿ ಇರಲಿಲ್ಲ. ಉಡುಪಿನ ಪೆಟ್ಟಿಗೆಯನ್ನು ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ನನಗೆ ಎದುರಾಗಿ ಕುಳಿತಳು. ಅವಳಪ್ಪನೂ ದೋಣಿ ನಡೆಸಿದವರು. ನೀರು ಅವಳಿಗೆ ಅಂಗಳವಿದ್ದಂತೆ. ನನಗೆ ಹಾಗಲ್ಲ.

ಅರ್ಧ ನದಿಯವರೆಗೆ ಬೆಕ್ಕು ಗುರುಗುಟ್ಟಿತು. ಆಮೇಲೆ ಬಂದದ್ದು ದೊಡ್ಡ ದೋಣಿಗಳು ಓಡಾಡುವ ಆಳದ ದಾರಿ. ತಿರುವಿನ ಮರೆಯಿಂದ ಭೋಂ ಎಂದು ಹಾರನ್ ಕೇಳಿಸಿತು. ನೋಡಿದರೆ, ಒಂದು ಟಗ್ ಬೋಟು ಮರಳು ತುಂಬಿದ ಬಾರ್ಜ್ ಎಂಬ ಚಪ್ಪಟೆ ದೋಣಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು, ನೇರ ನಮ್ಮ ಕಡೆಗೇ ಬರುತ್ತಿದೆ. ಅಷ್ಟು ಭಾರ ಎಳೆಯುವ ಬೋಟು, ಚಾಲಕ ಬಯಸಿದರೂ ನಿಲ್ಲುವುದಿಲ್ಲ. ಹಿಂದಿರುಗೋಣವೆಂದರೆ ಪ್ರವಾಹ ನಮ್ಮನ್ನು ಅದರ ಬಾಯಿಗೇ ತಳ್ಳುತ್ತಿತ್ತು. ಉಳಿದದ್ದು ಒಂದೇ ದಾರಿ: ವೇಗವಾಗಿ ದಾಟುವುದು.

ಮೋಟಾರಿನ ಹಿಡಿಯನ್ನು ಪೂರ್ತಿ ತಿರುಗಿಸಿದೆ. ದೋಣಿಯ ಮೂತಿ ಮೇಲೆದ್ದಿತು. ಮೋಟಾರು ಕೆಮ್ಮಿತು.

ಇಳಿಸಿದೆ, ಗುರುಗುಟ್ಟಿತು. ಏರಿಸಿದೆ, ಕೆಮ್ಮಿತು. ಟಗ್ಗಿನ ಮುಂಭಾಗದ ತುಕ್ಕಿನ ಕಲೆಗಳು ಈಗ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಮತ್ತೆ ಹಾರನ್. ಪ್ಲಗ್ಗು, ಕಾಯಿಲ್, ಕಾರ್ಬುರೇಟರ್ ಎಂದು ಜಪ ಮಾಡುತ್ತಾ ಮತ್ತೊಮ್ಮೆ ತಿರುಗಿಸಿದೆ.

"ರೀ, ಕಾಲು ತೆಗೀರಿ," ಎಂದಳು ಹೆಂಡತಿ.

ಸಾಯುವ ಹೊತ್ತಿನಲ್ಲೂ ಕಾಲು ಕೆರೆದು ಜಗಳಕ್ಕೆ ಬರಬೇಕೇ ಎಂದುಕೊಂಡು, ಸುಮ್ಮನಿರು ಎಂದೆ.

ಅವಳು ಸುಮ್ಮನಿರಲಿಲ್ಲ. ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಮಂಡಿಯೂರಿ ಮುಂದೆ ಬಂದು, ನನ್ನ ಬಲಗಾಲಿನ ಹರಡು ಹಿಡಿದು ಎತ್ತಿ ಆಚೆ ಎಸೆದಳು. ಕಾಲಿನ ಹಿಂದೆ ನಾನೂ ಹೊರಳಿದೆ. ಆದರೆ ಕೈ ಹಿಡಿಯನ್ನು ಬಿಟ್ಟಿರಲಿಲ್ಲ. ಮೋಟಾರು ಒಮ್ಮೆ ಉಸಿರೆಳೆದುಕೊಂಡು ಗರ್ಜಿಸಿತು, ಡ್ರಮ್ಮಿನಲ್ಲಿ ಗರ್ಜಿಸಿದ ಹಾಗೆಯೇ. ದೋಣಿ ಬಿಲ್ಲಿನಿಂದ ಬಿಟ್ಟ ಬಾಣದಂತೆ ಟಗ್ಗಿನ ಮೂತಿಯ ಮುಂದೆ ಹಾದುಹೋಯಿತು. ಮೇಲಿನಿಂದ ಚಾಲಕ ಏನೋ ಅಂದ; ನಮ್ಮ ಪುಣ್ಯ, ಆ ಸದ್ದಿನಲ್ಲಿ ಕೇಳಿಸಲಿಲ್ಲ. ಅದರ ಅಲೆ ಬಂದು ನನ್ನನ್ನು ತಲೆಯಿಂದ ಕಾಲಿನವರೆಗೆ ತೋಯಿಸಿತು. ಪೆಟ್ಟಿಗೆಯ ಮೇಲೆ ಅವಳು ಕವುಚಿ ಮಲಗಿದ್ದಳು.

ನೀರು ಶಾಂತವಾದ ಮೇಲೆ ಅವಳು ಬೆರಳು ಚಾಚಿ ತೋರಿಸಿದಳು. ನಡುವೆ ಇಟ್ಟ ಡಬ್ಬದಿಂದ ಮೋಟಾರಿಗೆ ಪೆಟ್ರೋಲು ಒಯ್ಯುವ ರಬ್ಬರ್ ಪೈಪು ನನ್ನ ಕಾಲ ಬುಡದಲ್ಲೇ ಹಾದುಹೋಗಿತ್ತು. ಪಿಕಪ್ ಕೊಟ್ಟಾಗ ಮೂತಿ ಮೇಲೇಳುತ್ತದೆ. ಜಾರಬಾರದೆಂದು ನಾನು ಹಿಮ್ಮಡಿ ಊರುತ್ತೇನೆ. ಊರುವುದು ಪೈಪಿನ ಮೇಲೆ. ಮೆಲ್ಲಗೆ ಹೋಗುವಾಗ ಕಾಲು ಸಡಿಲ. ನಿಂತು ಓಡಿಸಿದ ಭಾವಮೈದನಿಗೆ ಹಿಮ್ಮಡಿ ಊರುವ ಪ್ರಮೇಯವೇ ಬಂದಿರಲಿಲ್ಲ. ಹೀಗೆ, ಇಷ್ಟು ದಿನವೂ ಮೋಟಾರಿನ ಕತ್ತು ಹಿಸುಕಿ, ಅದಕ್ಕೆ ಕೆಮ್ಮಿನ ಔಷಧ ಹಾಕುತ್ತಿದ್ದವನು ನಾನೇ.

"ಮೆಷಿನ್ ತುಳಿದು ಹೊಲಿಯುವವಳಿಗೆ ಕಣ್ಣು ಕಾಲಿನ ಮೇಲೇ ಇರುತ್ತೆ," ಎಂದಳು ಅವಳು. ಆಮೇಲೆ ಪೆಟ್ಟಿಗೆಯ ಮುಚ್ಚಳ ತೆರೆದು, ಉಡುಪು ಒದ್ದೆಯಾಗಿಲ್ಲವೆಂದು ತಡವಿ ನೋಡಿಕೊಂಡಳು.

ಆಚೆ ದಡದಲ್ಲಿ ಭಾವಮೈದ ನಮ್ಮ ಹಗ್ಗ ಹಿಡಿದುಕೊಂಡು, ದೋಷ ಏನೆಂದು ಗೊತ್ತಾಯಿತೇ ಎಂದು ವಿಚಾರಿಸಿದ. ನಾನು ಒದ್ದೆ ಅಂಗಿ ಹಿಂಡುತ್ತಾ, ಗಾಂಭೀರ್ಯ ಬಿಡದೆ, ಪೆಟ್ರೋಲ್ ಪೈಪಿನಲ್ಲಿ ಸ್ವಲ್ಪ ಒತ್ತಡದ ಸಮಸ್ಯೆ ಇತ್ತು ಎಂದೆ.

"ಒತ್ತಡ ಅಲ್ಲ ಕಣೋ, ಒತ್ತಿದ್ದು," ಎಂದಳು ಅವನಕ್ಕ, ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಾ. "ವಾಪಸ್ ಹೋಗುವಾಗ ಇವರನ್ನ ನಿನ್ನ ಲಾಂಚಲ್ಲಿ ಕರ್ಕೊಂಡು ಹೋಗು. ದೋಣಿ ನಾನು ತರ್ತೀನಿ."

ಉಡುಪು ಮದುಮಗಳಿಗೆ ಹೇಳಿ ಮಾಡಿಸಿದಂತಿತ್ತಂತೆ. ಸಂಜೆ ಲಾಂಚಿನ ಬೆಂಚಿನ ಮೇಲೆ, ತರಕಾರಿ ಬುಟ್ಟಿಗಳ ನಡುವೆ ನನಗೊಂದು ಜಾಗ ಸಿಕ್ಕಿತು. ನದಿಯ ನಡುವೆ ನಮ್ಮ ದೋಣಿ ನಮ್ಮನ್ನು ಹಿಂದೆ ಹಾಕಿತು. ಹೆಂಡತಿ ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಕುಳಿತಿದ್ದಳು. ಮೋಟಾರು ಒಂದೇ ಒಂದು ಸಲವೂ ಕೆಮ್ಮಲಿಲ್ಲ.

ಪಕ್ಕದಲ್ಲಿದ್ದ ಹಿರಿಯರೊಬ್ಬರು ಮೆಚ್ಚಿ ತಲೆಯಾಡಿಸಿ, ಆ ಮೋಟಾರನ್ನು ಯಾರು ರಿಪೇರಿ ಮಾಡಿದ್ದೋ ಎಂದರು. ಇಂಥ ಅವಕಾಶ ಬಿಡುವುದುಂಟೇ? ನಾನೇ ಎಂದೆ.

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಹಾಗಾದ್ರೆ ನೀವ್ಯಾಕೆ ಲಾಂಚಲ್ಲಿ?"

ನಾನು ಕಾಲುಗಳನ್ನು ಮೆಲ್ಲಗೆ ಬೆಂಚಿನ ಕೆಳಗೆ ಎಳೆದುಕೊಂಡೆ.