ಕ್ಯಾರವಾನಿನ ಕರೆಂಟು

ಕೊನೆಯ ಓವರಿನ ಚೆಂಡು ಬೌಲರನ ಕೈಬಿಟ್ಟಿತು, ಅಷ್ಟರಲ್ಲಿ ಟೀವಿ ಆರಿತು. ಖಾಲಿ ಪರದೆಯಲ್ಲಿ ಕೈಲಾಸನಿಗೆ ತನ್ನದೇ ಪೆಚ್ಚುಮೋರೆ ಕಾಣಿಸಿತು.

ತ್ಯಾಗರಾಜನಗರದಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡು, ವಾರವೆಲ್ಲ ಕುಕ್ಕರಿನ ಗ್ಯಾಸ್ಕೆಟ್ಟಿಗಾಗಿ ಗಿರಾಕಿಗಳ ಬೈಗುಳ ತಿನ್ನುವ ಕೈಲಾಸನಿಗೆ ಭಾನುವಾರವಾದರೂ ಯಾರ ದನಿಯೂ ಕೇಳಿಸದ ಜಾಗ ಬೇಕಿತ್ತು. ಅದಕ್ಕೇ ಕಾರಿನ ಹಿಂದೆ ಕಟ್ಟಿ ಎಳೆಯುವ ಹಳೆಯ ಕ್ಯಾರವಾನ್ ಒಂದನ್ನು ಉತ್ತರಹಳ್ಳಿಯ ಮರೆಪ್ಪನಿಂದ ಕೊಂಡು, ಇಟ್ಟಮಡುವಿನ ತನ್ನ ಮನೆ ಪಕ್ಕದ ಖಾಲಿ ಸೈಟಿನಲ್ಲಿ ನಿಲ್ಲಿಸಿದ್ದ. ಊರೂರು ಸುತ್ತುವ ಮಾತೆಲ್ಲ ಹೆಂಡತಿಯ ಕಿವಿಗೆ. ಒಳಾಸೆ ಇಷ್ಟೇ, ಬಾಗಿಲು ಹಾಕಿಕೊಂಡು ಬಿದ್ದುಕೊಳ್ಳಬೇಕು.

ಅಡುಗೆಮನೆಯ ಕಿಟಕಿಯಿಂದ ಉದ್ದನೆಯ ವೈರು ಎಳೆದು ಗಾಡಿಗೆ ಕರೆಂಟು ಕೊಟ್ಟಿದ್ದ. ಅದು ಮನಸ್ಸು ಬಂದಾಗ ಬರುತ್ತಿತ್ತು, ಬೇಜಾರಾದಾಗ ಹೋಗುತ್ತಿತ್ತು. ಮರೆಪ್ಪ ಖಂಡಿತವಾಗಿ ಹೇಳಿಬಿಟ್ಟಿದ್ದ. "ಗಾಡೀಲಿ ಫಾಲ್ಟ್ ಇದ್ರೆ ಭಾನುವಾರದೊಳಗೆ ಹೇಳಿ ಸಾರ್, ವಾಪಸ್ ತಗೋತೀನಿ. ಸೋಮವಾರ ಬಂದ್ರೆ ನಿಮ್ಮ ಗುರ್ತೇ ಸಿಗಲ್ಲ ನಂಗೆ." ಆ ಭಾನುವಾರ ಇವತ್ತೇ.

ಕೈಲಾಸ ಮನೆಗೆ ಓಡಿದ. ಹೆಂಡತಿ ಸಂಗೀತಾ ಅಡುಗೆಮನೆಯಲ್ಲಿ ಅವರೆಕಾಯಿಯ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಫ್ರಿಜ್ಜು ಗುಂಯ್ ಎನ್ನುತ್ತಿತ್ತು.

"ಇಲ್ಲಿ ಕರೆಂಟ್ ಇದ್ಯಾ?"

"ಇದೆಯಲ್ಲ. ಹೆಂಗೂ ಬಂದ್ರಲ್ಲ ರೀ, ಆ ಸಿಲಿಂಡರ್ ಬದಲಾಯಿಸ್ಬಿಡಿ."

ಬದಲಾಯಿಸಿ ಬಂದು ನೋಡಿದರೆ ಗಾಡಿಯಲ್ಲಿ ಟೀವಿ ಓಡುತ್ತಿತ್ತು. ಪಂದ್ಯ ಮುಗಿದು, ಯಾರೋ ಹಲ್ಲುಜ್ಜುವ ಪೇಸ್ಟ್ ಮಾರುತ್ತಿದ್ದರು.

ಎದುರುಮನೆಯ ಚಿದಾನಂದ್ ಪೇಪರು ಮಡಚಿ ಹಿಡಿದು ಬಂದರು. ಅವರು ಜೀವಮಾನವೆಲ್ಲ ಕಾರ್ಖಾನೆಯೊಂದರ ಎಲೆಕ್ಟ್ರಿಕಲ್ ವಿಭಾಗದಲ್ಲಿ ಇದ್ದವರು. ಅಲ್ಲಿ ಅವರ ಕೆಲಸ ಬಲ್ಬುಗಳ ಕೋಣೆಗೆ ಬೀಗ ಹಾಕುವುದಾಗಿತ್ತು ಎನ್ನುವುದನ್ನು ಮಾತ್ರ ಅವರು ಯಾರಿಗೂ ಹೇಳುತ್ತಿರಲಿಲ್ಲ.

"ಅರ್ಥಿಂಗ್ ಒಣಗಿದೆ ಕೈಲಾಸ್. ಉಪ್ಪುನೀರು ಕುಡಿಸು, ಸರಿಹೋಗತ್ತೆ."

ಕೈಲಾಸ ಬಕೆಟ್ಟುಗಟ್ಟಲೆ ಉಪ್ಪುನೀರು ಹೊತ್ತು ಅರ್ಥಿಂಗ್ ಗುಂಡಿಗೆ ಸುರಿದ. ಅರ್ಧ ಗುಂಡಿಗೆ, ಅರ್ಧ ಅವನ ಪ್ಯಾಂಟಿಗೆ. ಸ್ವಲ್ಪ ಹೊತ್ತು ಕರೆಂಟು ಹೋಗದೆ ಉಳಿಯಿತು, ಚಿದಾನಂದ್ ಎದೆ ಉಬ್ಬಿಸಿದರು, ಆಮೇಲೆ ಮತ್ತೆ ಹೋಯಿತು. ಕೈಲಾಸ ಮತ್ತೆ ಮನೆಗೆ ಓಡಿದ.

"ಹೆಂಗೂ ಬಂದ್ರಲ್ಲ," ಎಂದಳು ಸಂಗೀತಾ, "ಸಾರಕ್ಕಿಗೆ ಹೋಗಿ ಇನ್ನೆರಡು ಕೇಜಿ ಅವರೆಕಾಯಿ ತಂದ್ಬಿಡಿ. ಸೊಗಡಿರೋದು ನೋಡಿ ತನ್ನಿ."

ಸಾರಕ್ಕಿ ಸಿಗ್ನಲ್ಲಿನಲ್ಲಿ ಬೆವರು ಸುರಿಸಿ, ಸೊಗಡು ಮೂಸಿ ನೋಡಿ, ಚೀಲ ಹೊತ್ತು ಬರುವಷ್ಟರಲ್ಲಿ ಕರೆಂಟು ಯಾವಾಗಲೋ ಬಂದು ಕೂತಿತ್ತು. ಇನ್ನು ಹೀಗೆ ಆಗದು ಎಂದು ಕೈಲಾಸ ಎಲೆಕ್ಟ್ರಿಷಿಯನ್ ಯಲ್ಲಪ್ಪನನ್ನು ಕರೆಸಿದ.

"ನ್ಯೂಟ್ರಲ್ ಲೂಸ್ ಸಾರ್. ನೋಡೋದೇ ಬೇಡ," ಎಂದ ಯಲ್ಲಪ್ಪ, ಮತ್ತು ನೋಡಲು ಕೂತ. ಫ್ಯೂಸು ಬಿಚ್ಚಿದ, ಪ್ಲಗ್ಗು ಬಿಚ್ಚಿದ, ಬ್ಯಾಟರಿಯ ತುದಿ ಉಜ್ಜಿದ. ಗಾಡಿಯ ಹೊಟ್ಟೆಯೊಳಗಿನ ವೈರುಗಳೆಲ್ಲ ಹಾಸಿಗೆಯ ಮೇಲೆ ಒಣಶಾವಿಗೆಯಂತೆ ಹರಡಿಕೊಂಡವು. ಮತ್ತೆ ಎಲ್ಲವನ್ನೂ ಕೂಡಿಸಿ, "ಎಲ್ಲಾ ಟೈಟಾಗೇ ಇದೆ ಸಾರ್," ಎಂದು ದುಃಖದಿಂದ ಹೇಳಿದ.

"ನಾನು ಆಗ್ಲೇ ಹೇಳ್ದೆ, ಅರ್ಥಿಂಗು," ಎಂದರು ಚಿದಾನಂದ್.

"ಅಂಕಲ್, ನೀವು ಸುರಿಸಿರೋ ಉಪ್ಪಲ್ಲಿ ಇಡೀ ಇಟ್ಟಮಡುಗೆ ಉಪ್ಪಿನಕಾಯಿ ಹಾಕ್ಬೋದಿತ್ತು."

ಅವರಿಬ್ಬರೂ ಜಗಳಕ್ಕೆ ಬೀಳುವಾಗ ಕೈಲಾಸನಿಗೆ ಅಳು ಬರುವಂತಾಯಿತು. ಇಷ್ಟು ವರ್ಷಕ್ಕೆ ಒಂದು ಮೂಲೆ ತನ್ನದು ಅಂತ ಸಿಕ್ಕಿತ್ತು, ಅದನ್ನೂ ಸಂಜೆಯೊಳಗೆ ಹಿಂದಕ್ಕೆ ಕೊಡಬೇಕು. ಕೊಡುವ ಮುಂಚೆ ವೈರನ್ನಾದರೂ ಒಮ್ಮೆ ನೋಡೋಣವೆಂದು ಗಾಡಿಯಿಂದ ಅದನ್ನು ಕೈಯಲ್ಲಿ ಸವರುತ್ತ, ಬಗ್ಗಿಕೊಂಡು ಅಡುಗೆಮನೆಯ ಕಿಟಕಿಯ ಕೆಳಗೆ ಬಂದ. ಒಳಗೆ ಸಂಗೀತಾ ಮತ್ತು ಸೈಟಿನ ಆಚೆ ಮನೆಯ ಲತಾಮಣಿ ಮಾತಾಡುತ್ತಿದ್ದರು.

"ಕಾಳೇನೋ ನೆನೆದಿದೆ," ಎಂದಳು ಲತಾಮಣಿ. "ನಿಮ್ಮನೆಯವ್ರನ್ನ ಕರೀಬಾರ್ದಾ?"

"ಬಾಗ್ಲು ಹಾಕ್ಕೊಂಡ್ರೆ ಕೂಗಿದ್ದು ಕೇಳ್ಸಲ್ಲ, ಫೋನೂ ಎತ್ತಲ್ಲ. ಇದನ್ನ ಒತ್ತಿದ್ರೆ ತಾವಾಗೇ ಓಡಿ ಬರ್ತಾರೆ ನೋಡಿ."

ಬಳೆ ಸದ್ದಾಯಿತು. ಸ್ವಿಚ್ಚು ಟಕ್ಕೆಂದಿತು. ಗಾಡಿಯಿಂದ ಯಲ್ಲಪ್ಪ, "ಸಾರ್, ಮತ್ತೆ ಹೋಯ್ತು," ಎಂದು ಕೂಗಿದ.

ಕೈಲಾಸ ಕಿಟಕಿಯಲ್ಲಿ ತಲೆ ಎತ್ತಿದ. ಸಂಗೀತಾ ಕಣ್ಣು ಕೂಡ ಮಿಟುಕಿಸಲಿಲ್ಲ.

"ಬಂದ್ರಾ? ಈ ಕಾಳು ಹಿತುಕಿಬಿಡಿ ರೀ."

ಸಿಟ್ಟು ನೆತ್ತಿಗೇರಿತು. ಆದರೆ ಸಿಟ್ಟಿಗಿಂತ ಸಂತೋಷವೇ ಹೆಚ್ಚಾಗಿತ್ತು, ಗಾಡಿಯಲ್ಲಿ ಏನೂ ಕೆಟ್ಟಿಲ್ಲ. ಬೇಸಿನ್ನಿನ ಕಾಳನ್ನೆಲ್ಲ ಹಿತುಕಿ ಸಿಪ್ಪೆ ಬಿಡಿಸಿದ. ಆಮೇಲೆ ಲತಾಮಣಿಗೆ ಕೈಮುಗಿದು, "ನಿಮ್ಮನೆಯಿಂದ ಗಾಡಿಗೆ ಒಂದು ಪ್ಲಗ್ ಕೊಡ್ತೀರಾ?" ಎಂದು ಕೇಳಿದ.

"ಅಕ್ಕಪಕ್ಕದವ್ರು ಅಂದ್ಮೇಲೆ ಅಷ್ಟೂ ಮಾಡ್ದಿದ್ರೆ ಹೇಗೆ?" ಎಂದಳು ಲತಾಮಣಿ. ಸಂಗೀತಾ ಒಂದು ಮಾತೂ ಆಡಲಿಲ್ಲ. ಅವಳು ಸುಮ್ಮನಿದ್ದಾಗ ಹೆದರಬೇಕು ಎಂಬುದನ್ನು ಕೈಲಾಸ ಆ ಖುಷಿಯಲ್ಲಿ ಮರೆತ.

ವೈರು ಆಚೆ ಮನೆಗೆ ಹೋಯಿತು. ಸಂಜೆಯವರೆಗೂ ದೀಪ ಒಮ್ಮೆಯೂ ಮಿಣುಕಲಿಲ್ಲ. ಕೈಲಾಸ ಕಾಲುಚಾಚಿ ಮರೆಪ್ಪನಿಗೆ ಫೋನು ಮಾಡಿದ.

"ಗಾಡಿ ಬಂಗಾರದಂಗಿದೆ ಮರೆಪ್ಪ. ಇಟ್ಕೋತೀನಿ."

"ಆಯ್ತು ಸಾರ್. ಮತ್ತೆ ನಂಗೆ ಫೋನ್ ಮಾಡ್ಬೇಡಿ," ಎಂದ ಮರೆಪ್ಪ.

ಫೋನು ಕೆಳಗಿಟ್ಟು ದಿಂಬಿಗೆ ತಲೆ ಕೊಟ್ಟ. ಟೀವಿ ಆರಿತು.

ಏರಿಯಾಕ್ಕೇ ಹೋಗಿರಬಹುದೆಂಬ ಆಸೆಯಿಂದ ಹೊರಗೆ ಇಣುಕಿದ. ಬೀದಿದೀಪಗಳು ಉರಿಯುತ್ತಿದ್ದವು. ತನ್ನ ಮನೆಯೂ ಝಗಮಗ ಎನ್ನುತ್ತಿತ್ತು. ಕಾಲೆಳೆದುಕೊಂಡು ಲತಾಮಣಿಯ ಮನೆಯ ಮೆಟ್ಟಿಲೇರಿದ. ವರಾಂಡದಲ್ಲಿ ಒಂದು ಮಣೆ ಹಾಕಿತ್ತು. ಅದರ ಮುಂದೆ ದೊಡ್ಡ ಬೇಸಿನ್ನಿನ ತುಂಬ ಅವರೆಕಾಳು ನೆನೆದು ಕೂತಿತ್ತು.

"ಹೋಯ್ತಾ ಕರೆಂಟು?" ಎಂದಳು ಲತಾಮಣಿ. "ಹೆಂಗೂ ಬಂದ್ರಲ್ಲ ಕೈಲಾಸ್ ಅವ್ರೇ, ಕೂತ್ಕೊಳಿ. ನೀವು ಸಖತ್ತಾಗಿ ಹಿತುಕ್ತೀರಂತ ಸಂಗೀತಾ ಹೇಳ್ತಿದ್ರು."