ಮಾಮನ ನೀಲಿ ಫೈಲು

ನಮ್ಮ ಮಾಮ ಬರುತ್ತಾರೆಂದು ಗೊತ್ತಾಗಿ ಮದುವೆಯ ತಾರೀಖನ್ನೇ ಬದಲಿಸಿದ ಮನೆಗಳು ಹುಮನಾಬಾದಿನಲ್ಲಿವೆ! ಹಾಗೆಂದು ಅವರು ಕುಡುಕರಲ್ಲ, ಜಗಳಗಂಟರಲ್ಲ, ಊಟದಲ್ಲಿ ತಪ್ಪು ಹುಡುಕುವವರೂ ಅಲ್ಲ. ಅವರದು ಒಂದೇ ಚಟ. ಯಾರ ಮದುವೆಗೇ ಹೋಗಲಿ, ಅದು ಕಾಯ್ದೆಯ ಪ್ರಕಾರ ನಿಲ್ಲುತ್ತದೋ ಬೀಳುತ್ತದೋ ಎಂದು ತಪಾಸಣೆ ಮಾಡಬೇಕು. ಕೋರ್ಟಿನ ಮುಂದೆ ಟೈಪಿಂಗ್ ಮಷಿನ್ ಇಟ್ಟುಕೊಂಡು ವಕೀಲರ ಅರ್ಜಿಗಳನ್ನು ಬಡಿದುಕೊಡುತ್ತಿದ್ದವರು. ಮಷಿನ್ ಮೂಲೆ ಸೇರಿತು, ಕಾಯ್ದೆ ಮಾತ್ರ ತಲೆಯಿಂದ ಇಳಿಯಲಿಲ್ಲ. ಮಂಟಪಕ್ಕೆ ಉಡುಗೊರೆ ತರುವುದನ್ನು ಮರೆತಾರು, ಕಂಕುಳಲ್ಲಿ ನೀಲಿ ಫೈಲು ತರುವುದನ್ನು ಮರೆಯುವುದಿಲ್ಲ.

ದುಬಲಗುಂಡಿಯ ಮದುವೆಯಲ್ಲಿ ಮದುಮಗನನ್ನು ಎಲ್ಲರೆದುರೇ ಕೇಳಿದರು: "ತಮ್ಮಾ, ಇಪ್ಪತ್ತೊಂದು ತುಂಬ್ಯಾವಿಲ್ಲೊ? ಮೊದಲನೇ ಹೆಂಡ್ತಿ ಯಾರರ ಜೀವಂತ ಅದಾಳೇನು?" ಹುಡುಗ ಬೆವರಿದ. ಅವನ ಅಜ್ಜಿ "ಅಯ್ಯ ನಮ್ಮವ್ವ, ಮೊದಲನೇಕಿ ಯಾರೋ?" ಎಂದು ಅಳತೊಡಗಿದಳು. ಅಜ್ಜಿಯನ್ನು ಸಮಾಧಾನ ಮಾಡುವಷ್ಟರಲ್ಲಿ ಮುಹೂರ್ತ ಮೀರಿತ್ತು!

ಹಳ್ಳಿಖೇಡದಲ್ಲಿ ಸಪ್ತಪದಿ ಆಗಷ್ಟೇ ಮುಗಿದಿತ್ತು. ವಿಡಿಯೋದವನು "ಕೊನೇ ಹೆಜ್ಜಿ ಸರಿ ಬಂದಿಲ್ರಿ, ಇನ್ನೊಮ್ಮಿ ಇಡ್ರಿ" ಎಂದ. ಮಾಮ ನಡುವೆ ನುಗ್ಗಿ ಕೈ ಅಡ್ಡ ಹಿಡಿದರು. "ಏಳನೇ ಹೆಜ್ಜಿ ಇಟ್ಟ ಕೂಡ್ಲೇ ಲಗ್ನ ಪಕ್ಕಾ ಆತು. ಎಂಟನೇದು ಯಾವ ಕಾಯ್ದೆದಾಗೂ ಇಲ್ಲ!" ಆ ವಿಡಿಯೋದ ಕೊನೆಯಲ್ಲಿ ಈಗಲೂ ಮಾಮನ ಬೆನ್ನೊಂದೇ ಕಾಣುತ್ತದೆ.

ನನ್ನ ಚಿಕ್ಕಪ್ಪನ ಮಗಳು ಮದುವೆಯಾದ ಮೂರೇ ತಿಂಗಳಿಗೆ ಮುನಿಸಿಕೊಂಡು ತವರಿಗೆ ಬಂದಳು. ಉಳಿದವರು ಅವಳಿಗೆ ನೀರು ಕೊಟ್ಟರು, ಮಾಮ ಫೈಲು ಬಿಚ್ಚಿದರು. "ನೋಡವ್ವಾ, ವಿಚ್ಛೇದನ ಅಂದ್ರ ಆದ ಲಗ್ನ ಮುರಿಯೂದು. ರದ್ದು ಅಂದ್ರ ಲಗ್ನಾನ ಸರಿ ಆಗಿಲ್ಲ ಅಂತ ಅಳಸೂದು. ನಿನಗ ಮೋಸ ಮಾಡಿ ಒಪ್ಪಿಸ್ಯಾರೇನು? ಹೆದರಿಸ್ಯಾರೇನು?" ಅವಳು ಬಿಕ್ಕುತ್ತಲೇ, "ಇಲ್ರಿ. ಸಿನಿಮಾಕ್ಕ ಕರಕೊಂಡು ಹೋಗಂದ್ರ ಹೋಗಲಿಲ್ಲ" ಎಂದಳು. ಮಾಮ ಹಾಳೆಗಳನ್ನು ತಿರುವಿ ತಿರುವಿ ನೋಡಿ, "ಇದು ಯಾವ ಕಾಯ್ದೆದಾಗೂ ಬರೂದಿಲ್ಲ" ಎಂದು ಬಲು ಬೇಸರದಿಂದ ಫೈಲು ಮುಚ್ಚಿದರು. ಹುಡುಗಿಗೆ ನಗು ತಡೆಯಲಾಗಲಿಲ್ಲ. ಸಂಜೆ ಬಸ್ಸಿಗೇ ಗಂಡನ ಮನೆ ಸೇರಿದಳು.

ಅವರಿಗೆ ಹಿಡಿಸಿದ ಮದುವೆ ಒಂದೇ ಒಂದು. ಬಸವಕಲ್ಯಾಣದಲ್ಲಿ ನನ್ನ ಅಂಗಡಿಯ ಪಕ್ಕದ ಚಾಚಾನ ಮಗಳ ನಿಕಾಹ್. ಸಾಕ್ಷಿದಾರರು ಒಳಗೆ ಹೋಗಿ, ಹುಡುಗಿಯ ಒಪ್ಪಿಗೆ ಕೇಳಿಕೊಂಡು ಹೊರಗೆ ಬಂದರು. "ನೋಡೋ, ಕೇಳಿ ಬಂದ್ರು!" ಎನ್ನುವಾಗ ಮಾಮನ ಕಣ್ಣು ಒದ್ದೆಯಾಗಿತ್ತು. ಊಟ ತಡವಾದದ್ದಕ್ಕೆ ಇರಬೇಕು ಎಂದುಕೊಂಡೆ ನಾನು.

ಇಷ್ಟೆಲ್ಲ ಕಾಯ್ದೆ ಹೇಳುವವರು ಸ್ವತಃ ಮದುವೆಯಾದದ್ದು ಯಾರನ್ನು? ಅಕ್ಕನ ಮಗಳನ್ನು! ಅಂದರೆ ನನ್ನ ಅಕ್ಕನನ್ನೇ. "ಇಷ್ಟು ಹತ್ತಿರದ ಸಂಬಂಧ ನಡೀತದೇನ್ರಿ ಮಾಮಾ?" ಎಂದು ಕೆಣಕಿದರೆ, "ರೂಢಿ ಇದ್ದವರಿಗಿ ನಡೀತದ, ಅದನ್ನೂ ಬರದಾರ" ಎಂದು ಹಾಳೆ ತೆಗೆದು ತೋರಿಸುತ್ತಾರೆ. ಮದುವೆಯಾದ ಹೊಸದರಲ್ಲಿ ಅವರು ತಿಂಗಳುಗಟ್ಟಲೆ ಪಡಸಾಲೆಯಲ್ಲೇ ಮಲಗುತ್ತಿದ್ದರು. ಗೊರಕೆ ತಾಳದೆ ಅಕ್ಕನೇ ಹೊರಗೆ ಹಾಕಿದ್ದಾಳೆ ಎಂದು ಮನೆಮಂದಿಯೆಲ್ಲ ನಗುತ್ತಿದ್ದೆವು.

ಇಂಥವರ ಕೈಗೆ ಹೋದ ವರ್ಷ ನನ್ನ ಮಗಳ ಮದುವೆ ಸಿಕ್ಕಿತು. ನಿಶ್ಚಿತಾರ್ಥವಾದ ದಿನದಿಂದ ವಾರಕ್ಕೊಂದು ಫೋನು.

"ಹುಡುಗಿಗಿ ಒಪ್ಪಿಗಿ ಕೇಳಿದ್ಯಾ?"

"ಅದೇನು ಕೇಳೂದ್ರಿ ಮಾಮಾ? ಸೀರಿ ಅಕಿನ ಆರಿಸ್ಯಾಳ."

"ಸೀರಿ ಆರಿಸೂದು ಒಪ್ಪಿಗಿ ಅಲ್ಲ. ಗಪ್ ಕುಂದರೂದೂ ಒಪ್ಪಿಗಿ ಅಲ್ಲ."

ಬೀಗರೆದುರು ಈ ಮನುಷ್ಯ ಫೈಲು ಬಿಚ್ಚಿದರೆ ನನ್ನ ಗತಿಯೇನು? ಮುಹೂರ್ತ ಹತ್ತೂವರೆಗೆ ಇದ್ದರೂ ಹನ್ನೆರಡಕ್ಕೆ ಎಂದು ಒಂದು ಸುಳ್ಳು ಹೇಳಿದೆ. ಕೆಲಸದ ಗಡಿಬಿಡಿಯಲ್ಲಿ ಲಗ್ನಪತ್ರಿಕೆಯನ್ನೂ ನಾನೇ ಅವರಿಗೆ ಕಳಿಸಿದ್ದೆ! ಮದುವೆಯ ದಿನ ಎಂಟಕ್ಕೇ ಬಸವಕಲ್ಯಾಣದ ಮಂಟಪದ ಬಾಗಿಲಲ್ಲಿ ಪತ್ರಿಕೆ ಹಿಡಿದು ನಿಂತಿದ್ದರು. "ಇದರಾಗ ಸಾಡೇ ಹತ್ತು ಅದ. ನೀ ಹೇಳಿದ್ದು ಮೋಸದಾಗ ಬರ್ತದ. ಅದಿರ್ಲಿ, ಹುಡುಗಿಗಿ ಕೇಳಿದ್ಯಾ?"

ನನ್ನ ತಾಳ್ಮೆ ಹರಿದುಹೋಯಿತು. "ಮಾಮಾ, ಕೈ ಮುಗೀತೀನಿ! ನಿಮ್ಮ ಕಾಯ್ದೆ ಹುಮನಾಬಾದದಾಗ ಇಟ್ಕೋರಿ, ನನ್ನ ಮಗಳ ಲಗ್ನ ಕೆಡಸಬ್ಯಾಡ್ರಿ!" ಎಂದು ಕಿರುಚಿದೆ. ಬೀಗರು ತಿರುಗಿ ನೋಡಿದರು. ಮಾಮ ಹೋಗಿ ಮೂಲೆಯ ಕುರ್ಚಿಯಲ್ಲಿ ಫೈಲು ತೊಡೆಯ ಮೇಲಿಟ್ಟುಕೊಂಡು ಕುಳಿತರು.

ಅಕ್ಕ ನನ್ನನ್ನು ಉಗ್ರಾಣಕ್ಕೆ ಎಳೆದುಕೊಂಡು ಹೋದಳು.

"ನನಗ ಯಾರು ಕೇಳಿದ್ರೋ? ತೊಟ್ಟಿಲದಾಗ ಇದ್ದಾಗನ ಮಾಮನ ಹೆಂಡ್ತಿ ಅಂದ್ರು, ಆಗಿಬಿಟ್ಟೆ. ಲಗ್ನದ ದಿನ ಇವರೊಬ್ಬರೇ ಕೇಳಿದ್ರು. ನನಗ ಅಳು ಬಂತು, ಮಾತು ಬರ್ಲಿಲ್ಲ. 'ಒತ್ತಾಯದ ಲಗ್ನ ಆಗಿದ್ರ ರದ್ದು ಮಾಡಸಾಕ ನಿನಗ ಒಂದು ವರ್ಷ ಅದ. ಕೂಡಿ ಸಂಸಾರ ಮಾಡಿದ್ರ ಆ ಹಕ್ಕು ಹೋಗ್ತದ. ನಿನ್ನ ಹಕ್ಕು ನಾ ಕೆಡಸೂದಿಲ್ಲ' ಅಂದು ಹಾಸಿಗಿ ತಗೊಂಡು ಪಡಸಾಲಿಗಿ ಹೋದ್ರು. ನೀವೆಲ್ಲ ಗೊರಕಿ ಅಂತ ನಕ್ಕಿರಿ."

"ವರ್ಷ ಪೂರ್ತಿ ಹೊರಗೇ ಮಲಗಿದ್ರಾ?"

"ಏಳು ತಿಂಗಳು. ಆಮ್ಯಾಲ ಆ ಹಾಸಿಗಿ ಸುತ್ತಿ ನಾನ ಒಳಗ ತಂದೆ." ಅರವತ್ತು ದಾಟಿದ ಅಕ್ಕ ಸೆರಗು ಸರಿಪಡಿಸಿಕೊಂಡು ನಾಚಿದಳು.

ನನಗೆ ನಿಲ್ಲಲಾಗಲಿಲ್ಲ. ನೇರ ಮಗಳ ಕೋಣೆಗೆ ಹೋಗಿ, ಎಲ್ಲರನ್ನೂ ಹೊರಗೆ ಕಳಿಸಿದೆ. "ಅವ್ವಾ, ನಿನಗ ಈ ಲಗ್ನ ಮನಸಿನಿಂದ ಒಪ್ಪಿಗಿ ಅದ ಇಲ್ಲೊ? ಇಲ್ಲಂದ್ರ ಈಗನ ಹೇಳು. ಮಂದಿಗಿ ನಾ ಹೇಳ್ತೀನಿ." ಇಲ್ಲ ಎಂದುಬಿಟ್ಟರೆ?

ಅವಳು ನನ್ನನ್ನೇ ನೋಡಿದಳು. "ನೀಲಿ ಫೈಲಿನ ಮುತ್ಯಾ ತಿಂಗಳ ಹಿಂದೇ ಕೇಳ್ಯಾನಪ್ಪಾ."

"ನೀ ಏನಂದಿ?"

"ನಮ್ಮಪ್ಪ ಕೇಳಿದ ಮ್ಯಾಲ ಹೇಳ್ತೀನಿ ಅಂದೆ." ಆಮೇಲೆ ನನ್ನ ಕೈ ಹಿಡಿದುಕೊಂಡಳು. "ಒಪ್ಪಿಗಿ ಅದಪ್ಪಾ. ನೀ ಯಾವಾಗ ಕೇಳ್ತೀ ಅಂತ ಕಾಯಾಕತ್ತಿದ್ದೆ."

ಮದುಮಗಳ ಮೇಕಪ್ಪನ್ನು ಅಳಿಸಿದ ಪಾಪ ನನ್ನದೇ.

ಹೊರಗೆ ಬಂದೆ. ಮಾಮ ಮೂಲೆಯಿಂದ ತಲೆಯೆತ್ತಿ ನೋಡಿದರು. ನಾನೇ ಹತ್ತಿರ ಹೋಗಿ ಅವರ ಪಾದ ಮುಟ್ಟಿ, "ಕೇಳಿದೆ ಮಾಮಾ. ಹೂಂ ಅಂದಾಳ" ಎಂದೆ.

ಮಾಮ ನೀಲಿ ಫೈಲನ್ನು ಕುರ್ಚಿಯ ಕೆಳಗೆ ಸರಿಸಿ ಎರಡೂ ಕೈ ಚಾಚಿದರು.

"ಹಂಗಾದ್ರ ಅಕ್ಷತಿ ಕೊಡು."