ಜೋಳದ ಬಟ್ಟಲಲ್ಲಿ ಒಂದು ಹಲ್ಲು

"ಇವತ್ತು ಅಡುಗೆಮನೆ ನಂದು. ನೀನು ಹೊಸ್ತಿಲು ದಾಟಕೂಡದು," ಎಂದು ಮೈಕ್ ಮಾವ ಹೆಂಡತಿಗೆ ಅಪ್ಪಣೆ ಕೊಟ್ಟರು. "ನಿನ್ನ ತಮ್ಮನಿಗೆ ನನ್ನ ಕೈಯಾರೆ ಮಾಡಿ ಹಾಕ್ತೀನಿ. ಒಂದೊಂದು ಕಾಳೂ ಆರಿಸಿದ್ದು, ಒಂದೊಂದು ಕಾಳೂ ತೊಳೆದದ್ದು. ಅದರಲ್ಲಿ ಒಂದು ಕಸಕಡ್ಡಿ ಸಿಕ್ಕಿದ್ರೆ ನನ್ನ ಹೆಸರು ಬದಲಾಯಿಸು."

"ಯಾವ ಹೆಸರು? ನಿಮ್ಮ ನಿಜವಾದ ಹೆಸರು ನನಗೇ ಮರೆತುಹೋಗಿದೆ," ಎಂದಳು ಹೆಂಡತಿ.

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು, ಯಾವ ಬಸ್ಸು ಬಂತು, ಯಾವುದು ಹೊರಟಿತು, ಯಾರ ಚೀಲ ಯಾರ ಬಳಿ ಉಳಿಯಿತು ಎಂದು ಕೂಗಿ ಕೂಗಿ ಅವರು ಊರಿಗೆಲ್ಲ ಮೈಕ್ ಮಾವ ಆಗಿದ್ದರು. ಕೆಲಸ ಮುಗಿಸಿ ಮನೆಗೆ ಬಂದರೂ ಮೈಕು ಮಾತ್ರ ಆಫ್ ಆಗುತ್ತಿರಲಿಲ್ಲ. ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಮೂರನೆಯ ಮನೆಯವರಿಗೆ ಗೊತ್ತಾಗುತ್ತಿತ್ತು.

ಆ ಗಂಟಲೇ ಎರಡು ವರ್ಷದ ಹಿಂದೆ ಸಂಬಂಧ ಕೆಡಿಸಿದ್ದು. ಹೆಂಡತಿಯ ಒಬ್ಬನೇ ತಮ್ಮ ಒಂದು ಸಣ್ಣ ಸಸ್ಯಾಹಾರಿ ಹೋಟೆಲು ನಡೆಸುತ್ತಾನೆ. ಒಂದು ಮಧ್ಯಾಹ್ನ ಅಲ್ಲಿ ಊಟಕ್ಕೆ ಕೂತ ಮೈಕ್ ಮಾವನಿಗೆ ಅನ್ನದಲ್ಲಿ ಕಲ್ಲು ಸಿಕ್ಕಿತು. ಬೇರೆಯವರಾದರೆ ತಟ್ಟೆಯ ಅಂಚಿಗಿಟ್ಟು ಮುಂದಿನ ತುತ್ತು ಕಲಸುತ್ತಿದ್ದರು. ಇವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಪ್ರಯಾಣಿಕರ ಗಮನಕ್ಕೆ! ಅನ್ನದಲ್ಲಿ ಈಗಷ್ಟೇ ಒಂದು ಕಲ್ಲು ಬಂದು ನಿಂತಿದೆ," ಎಂದುಬಿಟ್ಟರು. ತಮಾಷೆಗೇ ಅಂದದ್ದು. ಕೆಲವರು ನಕ್ಕರು. ತಮಾಷೆ ಎಂದು ತಿಳಿಯದವರು ಕೈ ತೊಳೆದುಕೊಂಡು ಎದ್ದು ಹೋದರು. ಅಂದಿನಿಂದ ಭಾವಮೈದ ಈ ಮನೆಯ ದಾರಿ ಬಿಟ್ಟ. ಅಕ್ಕ ಬೀದಿಯಲ್ಲಿ ಸಿಕ್ಕರೆ ಮಾತನಾಡಿಸುತ್ತಿದ್ದ. ಮನೆಗೆ ಬಾರೋ ಎಂದರೆ ನೆಲ ನೋಡುತ್ತಿದ್ದ.

ಅವಳು ಗೋಗರೆದು ಗೋಗರೆದು, ಕೊನೆಗೆ ಇವತ್ತು ಸಂಜೆ ಬರುತ್ತೇನೆ ಎಂದಿದ್ದ.

"ಅಡುಗೆಗಿಡುಗೆ ಏನೂ ಬೇಡ ಕಣ್ರೀ. ತಪ್ಪಾಯ್ತು ಅಂತ ಒಂದು ಮಾತು ಅಂದ್ಬಿಡಿ, ಸಾಕು."

"ಬಾಯಲ್ಲಿ ಯಾರು ಬೇಕಾದ್ರೂ ಹೇಳ್ತಾರೆ. ನಾನು ಕೈಯಲ್ಲಿ ಹೇಳ್ತೀನಿ."

"ಈ ಸಲ ಅವನು ಮುನಿಸ್ಕೊಂಡು ಎದ್ದು ಹೋದ್ರೆ ಮತ್ತೆ ಬರಲ್ಲ. ನನಗೆ ತವರು ಅಂತ ಉಳಿದಿರೋದು ಅವನೊಬ್ಬನೇ." ಇಷ್ಟು ಹೇಳಿ ಅವಳು ಕಿಟಕಿಯ ಕಡೆ ತಿರುಗಿದಳು. ಅವಳು ಕಿಟಕಿಯ ಕಡೆ ತಿರುಗಿದಳೆಂದರೆ ಮುಖ ತೋರಿಸಲು ಇಷ್ಟವಿಲ್ಲ ಎಂದು ಅರ್ಥ. ಮೈಕ್ ಮಾವ ಜೋರಾಗಿ ಪಾತ್ರೆ ಕುಕ್ಕಿದರು.

ಮುಸುಕಿನ ಜೋಳದ ಎಳೆ ತೆನೆ ತಂದಿದ್ದರು. ಬೇಯಿಸಿ, ಕಾಳು ಬಿಡಿಸಿ, ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ನೂಲಿನಷ್ಟು ಎಳೆ ಅಂಟಿದ್ದರೂ ಆ ಕಾಳಿಗೆ ಗಡೀಪಾರು. ಉಪ್ಪು ಹಾಕಿದರು, ನಿಂಬೆಹಣ್ಣು ಹಿಂಡಿದರು, ಹುರಿದ ಕಡಲೆಕಾಯಿ ಬೀಜ ಬೆರೆಸಿದರು. ಇಷ್ಟಕ್ಕೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮೆಣಸಿನ ಪುಡಿಯ ಡಬ್ಬಿ ಕೊಡವಿದರು. ಪುಡಿ ಬೀಳಲಿಲ್ಲ. ಮೂಗಿನ ಹತ್ತಿರ ತಂದು ಒಳಗೆ ಇಣುಕಿ ಇನ್ನೊಮ್ಮೆ ಕೊಡವಿದರು. ಈಗ ಬಿತ್ತು.

ಬಂದ ಸೀನು ಸಾಮಾನ್ಯದ್ದಲ್ಲ. ಬಸ್ ನಿಲ್ದಾಣದ ಸೀನು. ಬಾಗಿಲ ಪರದೆ ಹಾರಿತು.

ಕಣ್ಣೊರೆಸಿಕೊಂಡು "ಅಬ್ಬಾ" ಎನ್ನಲು ಹೋದಾಗ ಬಾಯಿಂದ ಬರೀ ಗಾಳಿ ಬಂತು. ನಾಲಗೆ ಮುಂದಕ್ಕೆ ಹೋಗಿ ನೋಡಿತು. ಅಲ್ಲಿ ಬಾಗಿಲೇ ಇಲ್ಲ, ಬಯಲು.

ಮೇಲಿನ ಸಾಲಿನ ನಟ್ಟನಡುವಿನ ಹಲ್ಲು ಅವರ ಸ್ವಂತದ್ದಲ್ಲ, ಕಟ್ಟಿಸಿಕೊಂಡದ್ದು. ಕೆಲವು ವಾರದಿಂದ ಅಲ್ಲಾಡುತ್ತಿತ್ತು. "ಹೋಗಿ ತೋರಿಸ್ಕೊಂಡು ಬನ್ನಿ," ಎಂದು ಹೆಂಡತಿ ಹೇಳುತ್ತಲೇ ಇದ್ದಳು. "ನಾಳೆ" ಎಂದು ಇವರು ಹೇಳುತ್ತಲೇ ಇದ್ದರು. ಒಲೆಯ ಕೆಳಗೆ ನೋಡಿದರು, ಇಲ್ಲ. ತೊಟ್ಟಿಯಲ್ಲಿ ನೋಡಿದರು, ಇಲ್ಲ. ಅಂಗಿಯ ಜೇಬಿನಲ್ಲೂ ನೋಡಿಕೊಂಡರು. ಕೊನೆಗೆ ಬಟ್ಟಲಿನತ್ತ ಕಣ್ಣು ಹೊರಳಿತು.

ಹಲ್ಲು ಕಟ್ಟಿದ ಡಾಕ್ಟರಮ್ಮ, ಇವರ ಉಳಿದ ಹಲ್ಲುಗಳ ಟೀ ಬಣ್ಣಕ್ಕೆ ಸರಿಹೊಂದುವಂತೆ ತಿಳಿಹಳದಿ ಬಣ್ಣದ್ದನ್ನೇ ಮಾಡಿಸಿ ಕೂರಿಸಿದ್ದರು. ಈಗ ಬಟ್ಟಲಿನ ತುಂಬ ತಿಳಿಹಳದಿಯ ಕಾಳುಗಳು. ಒಂದೊಂದೂ ಹಲ್ಲಿನಂತೆಯೇ ಕಂಡಿತು. ನೂರಾರು ಹಲ್ಲುಗಳು ತನ್ನನ್ನು ನೋಡಿ ಕಿಸಿಯುತ್ತಿವೆ ಎನ್ನಿಸಿತು. ಕೈ ಹಾಕಿ ಕೆದಕುವಷ್ಟರಲ್ಲಿ ಬಾಗಿಲ ಗಂಟೆ ಕೇಳಿಸಿತು.

"ಬಂದ, ಬಂದ," ಎಂದು ಹೆಂಡತಿ ಹೊಸ್ತಿಲ ಅಪ್ಪಣೆಯನ್ನು ಮರೆತು ಒಳಗೆ ನುಗ್ಗಿದಳು. "ಆಯ್ತಲ್ಲ? ಕೊಡಿ ಇಲ್ಲಿ." ಬಟ್ಟಲು ಎತ್ತಿಕೊಂಡು ಹೋಗಿಯೇ ಬಿಟ್ಟಳು. ತಡೆ, ಎನ್ನಬೇಕು. ಬಾಯಿ ತೆರೆದರೆ ಬಯಲು ಕಾಣುತ್ತದೆ. ಹಲ್ಲೆಲ್ಲಿ ಎಂದು ಕೇಳಿದರೆ?

ಕಲ್ಲಿಗೆ ಎರಡು ವರ್ಷ ಮುನಿಸು. ಹಲ್ಲಿಗೆ ಎಷ್ಟು?

ತುಟಿ ಬಿಗಿದುಕೊಂಡು ಹೊರಗೆ ಬಂದರು. ಭಾವಮೈದ ಕುರ್ಚಿಯ ತುದಿಯಲ್ಲಿ, ಬಸ್ಸು ಬಂದರೆ ಹತ್ತಿಕೊಳ್ಳುವವನಂತೆ ಕೂತಿದ್ದ.

"ಚೆನ್ನಾಗಿದ್ದೀರಾ ಭಾವ?"

ಮೈಕ್ ಮಾವ ತಲೆಯಾಡಿಸಿದರು.

"ಆರೋಗ್ಯ?"

ತಲೆಯಾಡಿಸಿದರು. ಭಾವಮೈದ ಅಕ್ಕನ ಮುಖ ನೋಡಿದ. ಅಕ್ಕ ಗಂಡನ ಮುಖ ನೋಡಿದಳು. ಈ ಮನೆಯಲ್ಲಿ ಗೋಡೆ ಗಡಿಯಾರದ ಸದ್ದು ಕೇಳಿಸಿದ್ದು ಅವತ್ತೇ ಮೊದಲು.

"ಎಲ್ಲಾ ನಿಮ್ಮ ಭಾವನೇ ಮಾಡಿದ್ದು ಕಣೋ. ನಿನಗೋಸ್ಕರ," ಎಂದು ಅವಳು ತಟ್ಟೆಗೆ ಹಾಕಿಕೊಟ್ಟಳು. ಅವನು ಒಂದು ಚಮಚ ಬಾಯಿಗಿಟ್ಟ. ಮೈಕ್ ಮಾವನ ಎದೆಯಲ್ಲಿ ಅವಲಕ್ಕಿ ಕುಟ್ಟಲು ಶುರುವಾಯಿತು. ಕರುಮ್ ಎಂದಿತು. ಜೀವ ಹೋಯಿತು. ಕಡಲೆಕಾಯಿ ಬೀಜ. ಜೀವ ಬಂತು. ಎರಡನೆಯ ಚಮಚ. ಕಟುಮ್. ಹೋಯಿತು. ಅದೂ ಬೀಜವೇ. ಬಂತು. ಈ ಹಾಳು ಬೀಜ ಹಾಕು ಎಂದು ಹೇಳಿದವರಾರು? ಯಾರೂ ಇಲ್ಲ, ತಾನೇ.

ಕಚ್ಚಿದರೆ ಅವನ ಹಲ್ಲು ಮುರಿಯುತ್ತದೆ. ನುಂಗಿದರೆ? ಮೈಕ್ ಮಾವನ ಕಣ್ಣ ಮುಂದೆ ಆಂಬುಲೆನ್ಸು ಬಂತು, ಆಸ್ಪತ್ರೆಯ ಉದ್ದನೆಯ ಹಜಾರ ಬಂತು, ಗಂಟಲಲ್ಲಿ ಏನು ಸಿಕ್ಕಿದೆ ಎಂದು ಕೇಳುವ ಡಾಕ್ಟರು ಬಂದರು, ಬಾಯಿ ತೆರೆದು ತೋರಿಸಬೇಕಾದ ತಾವೂ ಬಂದರು. ಅದೆಲ್ಲದರ ಹಿಂದೆ, ಕಿಟಕಿಯ ಕಡೆ ತಿರುಗಿ ನಿಂತ ಹೆಂಡತಿಯ ಬೆನ್ನು.

ಇನ್ನು ತಡೆಯಲಾಗಲಿಲ್ಲ. ಎದ್ದು ಹೋಗಿ ಭಾವಮೈದನ ಕೈಯಿಂದ ತಟ್ಟೆ ತೆಗೆದುಕೊಂಡರು. ಅವನ ಪಕ್ಕದಲ್ಲೇ ನೆಲದ ಮೇಲೆ ಕೂತು, ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಕಾಳನ್ನು ಬೆರಳಿಂದ ಹೊರಳಿಸಿ, ಒತ್ತಿ, ಮೆತ್ತಗಿದ್ದದ್ದನ್ನು ಮಾತ್ರ ಅವನ ಅಂಗೈಗೆ ಇಡತೊಡಗಿದರು.

ಭಾವಮೈದ ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಕೂತ. ಅವನ ದನಿ ನಡುಗಿತು. "ಅಕ್ಕಾ, ನೋಡೇ. ಭಾವ ನನಗೆ ಕಾಳು ಆರಿಸಿ ಕೊಡ್ತಿದ್ದಾರೆ."

"ನನಗೂ ಗೊತ್ತಿಲ್ಲಪ್ಪ ಇವರಿಗೆ ಏನಾಗಿದೆ ಅಂತ," ಎಂದಳು ಅಕ್ಕ. ಅವಳ ಕಣ್ಣಲ್ಲೂ ನೀರು.

"ಸಾಕು ಭಾವ, ಏಳಿ ಮೇಲೆ. ನೀವು ನೆಲದ ಮೇಲೆ ಕೂರೋದೇನು," ಎಂದು ಅವನು ಪ್ರೀತಿಯಿಂದ ತಟ್ಟೆ ಕಿತ್ತುಕೊಂಡ. ಅಷ್ಟೇ ಪ್ರೀತಿಯಿಂದ ಒಂದು ದೊಡ್ಡ ಚಮಚ ತುಂಬಿ ಬಾಯಿಗೆ ಹಾಕಿಕೊಂಡ.

ಟಕ್.

ಈ ಸದ್ದು ಬೀಜದ್ದಲ್ಲ. ಬೀಜಕ್ಕೆ ಇಷ್ಟು ಗಟ್ಟಿತನವೆಲ್ಲಿಂದ? ಭಾವಮೈದನ ದವಡೆ ಅರ್ಧಕ್ಕೆ ನಿಂತಿತು. ಮೈಕ್ ಮಾವನ ಉಸಿರೂ ಅಲ್ಲಿಗೇ ನಿಂತಿತು. ಅವನು ಮೆಲ್ಲಗೆ ಕರ್ಚೀಫು ತೆಗೆದ, ಬಾಯಿ ಒರೆಸಿಕೊಳ್ಳುವವನಂತೆ ಒರೆಸಿಕೊಂಡ, ಕರ್ಚೀಫಿನೊಳಗೆ ಒಮ್ಮೆ ಇಣುಕಿದ. ಮುಖದ ಬಣ್ಣ ಇಳಿಯಿತು. ಮಡಿಸಿ ಜೇಬಿಗಿಟ್ಟ.

ಬೈದಿದ್ದರೆ ಬದುಕಬಹುದಿತ್ತು. ಮಾತೇ ಆಡದೆ ಜೇಬಿಗಿಟ್ಟವನನ್ನು ಏನೆಂದು ತಿಳಿಯಬೇಕು? ಮೈಕ್ ಮಾವನ ಪಾಡು ಬಿಸಿ ತುಪ್ಪದ್ದಾಯಿತು, ಉಗುಳಲೂ ಆಗದು, ನುಂಗಲೂ ಆಗದು. ಹಲ್ಲು ಕಚ್ಚಿ ಕುಳಿತರು, ಇದ್ದಷ್ಟು ಹಲ್ಲು. ಭಾವಮೈದನೂ ತುಟಿ ಬಿಗಿದು ಕುಳಿತ. ಮೂಕರಿಬ್ಬರ ನಡುವೆ ಅಕ್ಕ ಒಬ್ಬಳೇ ಮಾತನಾಡಿ ಸುಸ್ತಾದಳು. ಸ್ವಲ್ಪ ಹೊತ್ತಿಗೆ ಅವನು ಎದ್ದ. ಗಲ್ಲದ ಮೇಲೆ ಕೈಯಿಟ್ಟುಕೊಂಡು, "ಬರ್ತೀನಿ," ಎಂದಷ್ಟೇ ಹೇಳಿ ಹೋದ.

"ಏನಾಯ್ತೋ ಅವನಿಗೆ? ಅಷ್ಟು ಚೆನ್ನಾಗಿದ್ದ," ಎಂದು ಹೆಂಡತಿ ಬಾಗಿಲಲ್ಲೇ ನಿಂತಳು. ಮೈಕ್ ಮಾವ ತಲೆನೋವೆಂದು ಸನ್ನೆ ಮಾಡಿ ಹೊದಿಕೆ ಎಳೆದುಕೊಂಡರು. ಆದರೆ ಮುಚ್ಚಿಡುವುದು ಎಷ್ಟು ಹೊತ್ತು? ಬೆಳಿಗ್ಗೆ ಟೀ ಬಾಯಿಂದ ಅಂಗಿಗೆ ಇಳಿಯಿತು.

"ಬಾಯಿ ತೆಗೀರಿ," ಎಂದಳು. ತೆಗೆದರು. ನೋಡಿದಳು. ಸೀನು, ಬಟ್ಟಲು, ಕರ್ಚೀಫು, ಎಲ್ಲವೂ ಹೊರಬಂತು, ಅರ್ಧ ಮಾತು ಅರ್ಧ ಸಿಳ್ಳೆ. ಕೇಳುತ್ತ ಕೇಳುತ್ತ ಅವಳು ಕೂತಲ್ಲೇ ಕುಸಿದಳು.

"ಅವನು ಸಾಕ್ಷಿಗೆ ಅಂತಾನೇ ಜೇಬಲ್ಲಿಟ್ಕೊಂಡಿದ್ದಾನೆ. ಮುಗೀತು. ನಡೀರಿ, ಮೊದಲು ಹಲ್ಲು ಕಟ್ಟಿಸಿ. ಆಮೇಲೆ ಇಬ್ಬರೂ ಅವನ ಮನೆ ಬಾಗಿಲಿಗೆ ಹೋಗಿ ನಿಂತ್ಕೊಳೋಣ."

ಡಾಕ್ಟರಮ್ಮನ ಕ್ಲಿನಿಕ್ಕಿನ ಒಳಬಾಗಿಲು ತೆರೆದೇ ಇತ್ತು. ಓರೆಯಾಗಿ ಮಲಗಿಸುವ ಆ ದೊಡ್ಡ ಕುರ್ಚಿಯಲ್ಲಿ ಬಾಯಿ ಅಗಲಿಸಿ ಮಲಗಿದ್ದವನು ಭಾವಮೈದ. ಮೈಕ್ ಮಾವ ಬಂದ ದಾರಿಯಲ್ಲೇ ತಿರುಗಿದರು. ಹೆಂಡತಿ ಅಂಗಿಯ ಹಿಂಭಾಗ ಹಿಡಿದುಕೊಂಡಳು.

"ಯಾವ ಹಲ್ಲು ಮುರಿದದ್ದು ಅಂದ್ರಿ?" ಎಂದು ಡಾಕ್ಟರಮ್ಮ ಕೇಳುತ್ತಿದ್ದರು.

"ಗೊತ್ತಾಗ್ತಿಲ್ಲ ಡಾಕ್ಟರಮ್ಮ. ನಿನ್ನೆಯಿಂದ ಎಲ್ಲವೂ ನೋಯ್ತಿವೆ. ಮೊದಲೇ ಅರ್ಧ ಕಟ್ಟಿಸಿದವು. ಅಕ್ಕನ ಮನೇಲಿ ಜೋಳ ತಿಂತಿದ್ದೆ, ಟಕ್ ಅಂತು. ಹೇಳಿದ್ರೆ ಪಾಪ ಭಾವ ನೊಂದ್ಕೋತಾರೆ. ಅಷ್ಟು ಪ್ರೀತಿಯಿಂದ ಮಾಡಿದ್ರು. ಸದ್ದಿಲ್ಲದೆ ಜೇಬಿಗೆ ಹಾಕ್ಕೊಂಡು ಬಂದೆ."

ಡಾಕ್ಟರಮ್ಮ ಕನ್ನಡಿ ಹಿಡಿದು ಮೇಲಿನ ಸಾಲು, ಕೆಳಗಿನ ಸಾಲು ತಟ್ಟುತ್ತ ಹೋದರು. "ನಿಮ್ಮ ಬಾಯಲ್ಲಿ ಎಲ್ಲಾ ಇದ್ದಲ್ಲೇ ಇವೆಯಲ್ಲ. ಹಾಗಾದ್ರೆ ಈ ಹಲ್ಲು..." ಎಂದು ಕರ್ಚೀಫಿನದನ್ನು ಬೆಳಕಿಗೆ ಹಿಡಿದರು. "ಇದು ನಾನೇ ಮಾಡಿಸಿದ ಹಾಗಿದೆ." ತಲೆಯೆತ್ತಿದವರ ಕಣ್ಣು ಬಾಗಿಲಲ್ಲಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಿಂತವರ ಮೇಲೆ ಬಿತ್ತು.

ಭಾವಮೈದ ನಿಧಾನವಾಗಿ ಎದ್ದು ಕೂತ.

"ಭಾವ, ನಿನ್ನೆ ಮಾತಾಡದೇ ಕೂತಿದ್ದು?"

"ಹಲ್ಲಿರಲಿಲ್ಲ," ಎಂದರು ಮೈಕ್ ಮಾವ, ಬೆರಳ ಸಂದಿಯಿಂದ.

"ಕಾಳು ಆರಿಸಿ ಕೊಟ್ಟಿದ್ದು?"

"ಹಲ್ಲು ಹುಡುಕ್ತಿದ್ದೆ."

"ಭಾವ ಎಷ್ಟು ತಗ್ಗಿಬಿಟ್ಟಿದ್ದಾರೆ, ನಾನೇ ಹಟ ಮಾಡ್ಬಿಟ್ಟೆ ಅಂತ ಮನೆಗೆ ಹೋಗಿ ಹೆಂಡತಿ ಮುಂದೆ ಅತ್ತೆನಲ್ಲ ನಾನು."

ಹೆಂಡತಿಯ ಮುಷ್ಟಿಯಲ್ಲಿ ಅಂಗಿ ಇನ್ನಷ್ಟು ಬಿಗಿಯಾಯಿತು. ಮೈಕ್ ಮಾವ ಬಾಯಿಂದ ಕೈ ತೆಗೆದರು. "ತಪ್ಪಾಯ್ತಪ್ಪ," ಎಂದರು. ಸಿಳ್ಳೆಯೂ ಸೇರಿಕೊಂಡು ಅದು ಇನ್ನಷ್ಟು ದೀನವಾಗಿ ಕೇಳಿಸಿತು. "ನಿನ್ನೆದಕ್ಕೂ. ಹಿಂದಿನದಕ್ಕೂ."

ಭಾವಮೈದ ಅವರ ಬಯಲನ್ನೇ ನೋಡಿದ. ಅವನ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಹೆಗಲು.

"ಸರಿ, ಬನ್ನಿ ಕೂತ್ಕೊಳ್ಳಿ. ಐದು ನಿಮಿಷದ ಕೆಲಸ," ಎಂದು ಡಾಕ್ಟರಮ್ಮ ಕುರ್ಚಿ ತೋರಿಸಿದರು. ಭಾವಮೈದ ಇಳಿದು, ಕುರ್ಚಿಗೆ ಅಡ್ಡ ನಿಂತ.

"ಬೇಡ ಡಾಕ್ಟರಮ್ಮ. ಭಾನುವಾರ ಅಕ್ಕ ಭಾವ ಇಬ್ಬರೂ ನಮ್ಮ ಹೋಟೆಲಿಗೆ ಊಟಕ್ಕೆ ಬರ್ತಾರೆ. ಅದು ಮುಗಿದ ಮೇಲೆ ಕೂರಿಸಿ."

ಮೈಕ್ ಮಾವ ಆಸರೆಗೆಂದು ಹೆಂಡತಿಯತ್ತ ತಿರುಗಿದರು. ಅವಳು ಆಗಲೇ ಡಾಕ್ಟರಮ್ಮನ ಕೈಯಿಂದ ಹಲ್ಲು ತೆಗೆದುಕೊಂಡು, ತನ್ನ ಪರ್ಸಿನ ಒಳಜೇಬಿಗೆ ಹಾಕಿ, ಜಿಪ್ಪು ಎಳೆಯುತ್ತಿದ್ದಳು.

"ಆಮೇಲೂ ಏನೂ ಅವಸರ ಇಲ್ಲ ಡಾಕ್ಟರಮ್ಮ," ಎಂದಳು.